ಹಳೆ ಚೇತಕ್‌ಗೆ ಕಂದು ಸೀಲ್ ಕಿಟ್: ಹೇಗಿದೆ, ಯಾವಾಗ ಬೇಕು, ಯಾವಾಗ ದಂಡ

ತುಮಕೂರಿನಲ್ಲಿ ಟೂ-ಸ್ಟ್ರೋಕ್ ಬಜಾಜ್ ಚೇತಕ್ ಸ್ಕೂಟರ್‌ಗೆ ಆಯಿಲ್ ಸೀಲ್ (ತಿರುಗುವ ಶಾಫ್ಟ್ ಸುತ್ತ ಎಣ್ಣೆ, ಗಾಳಿ ದಾಟದಂತೆ ತಡೆಯುವ ರಬ್ಬರ್ ರಿಂಗ್) ಕಿಟ್ ಕೇಳಿದರೆ ಈಗ ಎರಡು ಬಗೆ ತೋರಿಸುತ್ತಾರೆ. ಒಂದು ಕಪ್ಪು ನೈಟ್ರೈಲ್ ರಬ್ಬರಿನದು, ಇನ್ನೊಂದು ಕಂದು ಬಣ್ಣದ ವೈಟಾನ್ ರಬ್ಬರಿನದು. ಕಂದು ಕಿಟ್‌ಗೆ ದುಡ್ಡು ಜಾಸ್ತಿ. ಆದರೂ ಎಂಜಿನ್ ಇಳಿಸಿ ಕೇಸ್ ಬಿಚ್ಚುವುದಾದರೆ ಅದನ್ನೇ ಹಾಕಿಸಿ. ನೈಟ್ರೈಲ್ 100 ಡಿಗ್ರಿ ಆಸುಪಾಸಿನ ಶಾಖದಲ್ಲೇ ಇದ್ದರೆ ಬೇಗ ಗಟ್ಟಿಯಾಗಿ ತುಟಿ (ಶಾಫ್ಟ್‌ಗೆ ಒತ್ತಿ ಕೂರುವ ಅಂಚು) ಬಿರುಕು ಬಿಡುತ್ತದೆ, ವೈಟಾನ್ 200 ಡಿಗ್ರಿವರೆಗೂ ತಡೆಯುತ್ತದೆ. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೆ ಕಾಲದ ಅಗ್ಗದ ರಬ್ಬರನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಒಂದು ಸೀಲ್ ಉಳಿಸಿದ ದುಡ್ಡಿಗೆ ಮತ್ತೊಮ್ಮೆ ಎಂಜಿನ್ ಇಳಿಸುವ ಕೂಲಿ ಕೊಡುವುದರಲ್ಲಿ ಅರ್ಥವಿಲ್ಲ.

ಆದರೆ ಹೊಗೆ ಬಂತೆಂದು ನೇರ ಕಿಟ್ ಕೊಳ್ಳಬೇಡಿ. ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಬರುವ ತಿಳಿ ನೀಲಿ ಹೊಗೆ ಟೂ-ಸ್ಟ್ರೋಕ್‌ಗೆ ಸಹಜ. ಬಿಸಿಯಾದ ಮೇಲೂ ನೀಲಿಯಾಗೇ ಇದ್ದರೆ ಮೊದಲು ಆಯಿಲ್ ಅಳತೆ ನೋಡಿ: ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ-ಟಿ (ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್) ಸಾಕು, ಕಣ್ಣಂದಾಜಿಗೆ ಸುರಿಯುವುದೇ ಅರ್ಧ ಗಾಡಿಗಳ ಕಾಯಿಲೆ. ಕಪ್ಪು ಹೊಗೆ ಬಂದರೆ ಕಾರ್ಬುರೇಟರ್ ಕಡೆ ಹೋಗಿ. ಚೋಕ್ ಪೂರ್ತಿ ಇಳಿದಿಲ್ಲ, ಫ್ಲೋಟ್ ಸೂಜಿ ಕೂರುತ್ತಿಲ್ಲ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಈ ಯಾವುದಕ್ಕೂ ಸೀಲ್ ಸಂಬಂಧವಿಲ್ಲ.

ಸೀಲ್ ಹೋದ ಹೊಗೆ ಬೇರೆ. ದಟ್ಟ ಬಿಳಿ, ಕಣ್ಣುರಿಸುವ ಕಮಟು ವಾಸನೆ, ಪ್ಲಗ್ ಪದೇ ಪದೇ ಎಣ್ಣೆಯಲ್ಲಿ ನೆನೆದು ಮಿಸ್ಸಿಂಗ್. ಕ್ಲಚ್ ಕಡೆಯ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಸೀಲ್ ಸವೆದಾಗ ಕ್ರ್ಯಾಂಕ್ ಕೋಣೆ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಇದನ್ನು ಹಿಡಿಯಲು ದೇವರಾಯನದುರ್ಗದ ಇಳಿಜಾರಿಗಿಂತ ಒಳ್ಳೆ ಜಾಗ ಸಿಗದು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಸ್ವಲ್ಪ ದೂರ ಇಳಿದು ಆಮೇಲೆ ತಿರುಗಿಸಿ. ಮುಚ್ಚಿದಾಗ ಒಳಗಿನ ಎಳೆತ ಹೆಚ್ಚುವುದರಿಂದ, ಸೀಲ್ ಹೋಗಿದ್ದರೆ ಹಿಂದಿನವರಿಗೆ ರಸ್ತೆ ಕಾಣದಷ್ಟು ಹೊಗೆ ಒಮ್ಮೆಲೇ ಏಳುತ್ತದೆ. ಇಡೀ ಬೆಟ್ಟ ಹಾಗೇ ಇಳಿಯುವುದು ಬೇಡ, ಆಕ್ಸಿಲರೇಟರ್ ಮುಚ್ಚಿದ್ದಷ್ಟು ಹೊತ್ತು ಪಿಸ್ಟನ್‌ಗೆ ಸಾಕಷ್ಟು ಆಯಿಲ್ ಹೋಗುವುದಿಲ್ಲ.

ಖಾತ್ರಿಗೆ ಅಳತೆ ಪರೀಕ್ಷೆ. ಎಂಜಿನ್ ಬಿಸಿ ಇರುವಾಗ ಗೇರ್ ಆಯಿಲ್ ಪೂರ್ತಿ ಇಳಿಸಿ, 250 ಎಂಎಲ್ ಎಸ್‌ಎಇ 30 ಆಯಿಲ್ ಹಾಕಿ, 200 ಕಿ.ಮೀ. ಓಡಿಸಿ, ಮತ್ತೆ ಇಳಿಸಿ ಅಳೆಯಿರಿ. ಹೊರಗೆ ಸೋರಿಲ್ಲ, ಆದರೂ ಎದ್ದು ಕಾಣುವಷ್ಟು ಕಡಿಮೆಯಾಗಿದೆ ಅಂದರೆ ಕ್ಲಚ್ ಕಡೆ ಸೀಲ್. ಇಳಿಸಿದ್ದು ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೂ ಅದೇ ಸೀಲ್, ಒತ್ತಡ ಆ ಕಡೆಗೂ ತಳ್ಳುತ್ತದೆ. ಆಯಿಲ್ ಹಾಕುವ ತೂತಿಗೆ ಬಲೂನ್ ಬಾಯಿ ಬಿಗಿದು ಎಂಜಿನ್ ಐಡಲ್‌ನಲ್ಲಿ ಬಿಟ್ಟರೆ, ಸೀಲ್ ಹೋಗಿದ್ದಲ್ಲಿ ಬಲೂನ್ ಉಬ್ಬುವುದೋ ಒಳಕ್ಕೆ ಸೆಳೆದುಕೊಳ್ಳುವುದೋ ಕಣ್ಣಿಗೇ ಕಾಣಬಹುದು.

ಕ್ರ್ಯಾಂಕಿನ ಇನ್ನೊಂದು ತುದಿಯಲ್ಲಿ, ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆ ಸೀಲ್ ಹೋದರೆ ಹೊಗೆ ಬರದೇ ಇರಬಹುದು, ಅಪಾಯ ಮಾತ್ರ ಅದರದ್ದೇ ದೊಡ್ಡದು. ಅಲ್ಲಿಂದ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ತಾನಾಗೇ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ಪಿಸ್ಟನ್ ಜಾಮ್. ಐಡಲ್‌ನಲ್ಲಿ ಮ್ಯಾಗ್ನೆಟ್ ಹಿಂದೆ ಒಂಚೂರು ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಸೀಲ್ ಗಾಳಿ ಎಳೆಯುತ್ತಿದೆ. ಬೆಂಕಿಯ ಭಯ ಇರುವ ಕೆಲಸ, ಬಯಲಲ್ಲೇ ಮಾಡಿ.

ಹೊರಗಿನ ಸೋರಿಕೆಗೆ ಎಂಜಿನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಒಂದು ಸುತ್ತು ಹೋಗಿಬನ್ನಿ. ಪೌಡರ್ ಮೊದಲು ಒದ್ದೆಯಾದ ಜಾಗವೇ ಮೂಲ. ಹಿಂದಿನ ಟೈರಿನ ಒಳಬದಿಯಲ್ಲಿ ಎಣ್ಣೆ ಗೆರೆ ಇದ್ದರೆ ಡ್ರಮ್ ಸೀಲ್. ನೆನೆದ ಬ್ರೇಕ್ ಶೂ ತೊಳೆದರೆ ಸಾಲದು, ಬದಲಿಸಬೇಕು. ಕ್ಲಚ್ ಕವರ್ ಮೇಲಿನ ಬ್ರೀದರ್‌ನಿಂದ (ಗಾಳಿ ಕಿಂಡಿ) ಉಕ್ಕುತ್ತಿದ್ದರೆ ಬಹಳ ಸಲ ಯಾರೋ ಆಯಿಲ್ ಹೆಚ್ಚು ತುಂಬಿರುತ್ತಾರೆ. ಸೈಲೆನ್ಸರ್ ಜಾಯಿಂಟಿನಲ್ಲಿ ತೊಟ್ಟಿಕ್ಕುವ ಕಪ್ಪು ನೀರು ಉರಿಯದ ಟೂ-ಟಿ.

ಇನ್ನು ಕಿಟ್ ವಿಷಯ. ಕಂದು ಸೀಲ್‌ಗಳ ತುಟಿ ನಯವಾಗಿದೆ, ಹಿಂದಿನ ಸ್ಪ್ರಿಂಗ್ ಬಿಗಿಯಾಗಿ ಕೂತಿದೆ, ಬೆರಳಲ್ಲಿ ಮಡಚಿ ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆ. ಓ-ರಿಂಗ್‌ಗಳು ಮಾತ್ರ ಇಲ್ಲೂ ಅದೇ ಕಪ್ಪು ರಬ್ಬರ್. ಕಿಕ್ ಶಾಫ್ಟ್ ಮತ್ತು ಕ್ಲಚ್ ಆರ್ಮಿನವನ್ನು ಬೇರೆಯಾಗಿ ಒಳ್ಳೆಯವು ಕೊಳ್ಳಿ. ಪೇಪರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಪರವಾಗಿಲ್ಲ, ಆದರೆ ಕವರ್‌ನಲ್ಲಿ ಮಡಚಿಟ್ಟ ಗೆರೆಯಲ್ಲಿ ಸೀಳಿದ್ದರೆ ಅಲ್ಲೇ ವಾಪಸ್ ಕೊಡಿ. ಚೇತಕ್‌ನಲ್ಲಿ ಮಾಡೆಲ್‌ಗೆ ತಕ್ಕಂತೆ ಸೀಲ್ ಅಳತೆ ಬದಲಾಗುವುದುಂಟು, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಮ್ಯಾಗ್ನೆಟ್ ಕಡೆಯದನ್ನು ಕೇಸ್ ಬಿಚ್ಚದೆ ಹಾಕಬಹುದು. ಪುಲ್ಲರ್‌ನಿಂದ ಮ್ಯಾಗ್ನೆಟ್ ತೆಗೆಯಿರಿ (ಸುತ್ತಿಗೆ ಬೇಡವೇ ಬೇಡ), ಕಾಯಿಲ್ ಪ್ಲೇಟ್ ಇದ್ದ ಜಾಗಕ್ಕೆ ಗೀರು ಗುರುತು ಹಾಕಿ ಬಿಚ್ಚಿ, ಇಲ್ಲದಿದ್ದರೆ ಟೈಮಿಂಗ್ ತಪ್ಪುತ್ತದೆ. ಸೀಲಿನ ಸ್ಪ್ರಿಂಗ್ ಬದಿ ಒಳಕ್ಕೆ, ತುಟಿಗೆ ಟೂ-ಟಿ ಸವರಿ ನೇರವಾಗಿ ಕೂರಿಸಿ. ಕ್ಲಚ್ ಕಡೆಯದಕ್ಕೆ ಕೇಸ್ ಬಿಚ್ಚಲೇಬೇಕು. ಹೇಗೂ ಬಿಚ್ಚಿದಾಗ ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ತುಟಿ ಉಜ್ಜಿದ ಜಾಗದಲ್ಲಿ ಗೀರು ಬಿದ್ದು ಉಗುರು ಸಿಕ್ಕಿಕೊಂಡರೆ ವೈಟಾನ್ ಹಾಕಿದರೂ ಸೋರುತ್ತದೆ. ಬಿಚ್ಚುವ ಮೊದಲೇ ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಟಕ್ ಅಂದರೆ ಮೇನ್ ಬೇರಿಂಗ್ ಹೋಗಿದೆ. ಬೇರಿಂಗ್ ಬಿಟ್ಟು ಸೀಲ್ ಮಾತ್ರ ಹಾಕಿಸಿದರೆ ಅಲುಗಾಡುವ ಕ್ರ್ಯಾಂಕ್ ಹೊಸ ಸೀಲನ್ನೂ ಬೇಗ ತಿಂದುಹಾಕುತ್ತದೆ.

ಕೆಲಸ ಮುಗಿದ ದಿನವೇ ಹೊಗೆ ನಿಲ್ಲಲಿಲ್ಲವೆಂದು ಮೆಕ್ಯಾನಿಕ್ ಜೊತೆ ಜಗಳ ಬೇಡ. ಸೈಲೆನ್ಸರ್‌ನಲ್ಲಿ ಕೂತ ಹಳೆ ಎಣ್ಣೆ ಸುಟ್ಟು ಹೋಗಲು ಸ್ವಲ್ಪ ಓಡಬೇಕು, ಬೆಂಗಳೂರು ಹೈವೇಯಲ್ಲಿ ಡಾಬಸ್‌ಪೇಟೆವರೆಗೆ ಹೋಗಿಬಂದರೆ ಬಹುತೇಕ ತಿಳಿಯಾಗುತ್ತದೆ. ಆಮೇಲೂ ಬಿಳಿ ಹೊಗೆ ಇದ್ದರೆ 200 ಕಿ.ಮೀ. ಅಳತೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆ ಲೆಕ್ಕ ತೋರಿಸಿ ಕೇಳಿ.