ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ: ಅಪ್ಪನ ಲಾರಿ ಮತ್ತೆ ಓಡಿತು

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಸಿದೆವು. ಮೊದಲು ಬಿಲ್ ಹೇಳಿಬಿಡುತ್ತೇನೆ. ಡಿಸ್ಕನ್ನು ಕಂಪ್ಯೂಟರಿನ ಮುಖ್ಯ ಬೋರ್ಡಿಗೆ ಜೋಡಿಸುವ ಒಂದು ಸಾಟಾ ಕೇಬಲ್, 120 ರೂಪಾಯಿ. ಕ್ಲೀನಿಂಗ್, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್, ಎರಡು ದಿನದ ಟೆಸ್ಟಿಂಗ್ ಎಲ್ಲ ಸೇರಿ 800. ಒಟ್ಟು 920 ರೂಪಾಯಿ. ಇದೇ ಕಂಪ್ಯೂಟರನ್ನು ಇದಕ್ಕೂ ಮುಂಚೆ ನೋಡಿದ ಇನ್ನೊಂದು ಅಂಗಡಿಯವರು ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿ, 27 ಸಾವಿರ ಆಗುತ್ತೆ ಅಂದಿದ್ದರು. ಆ ಕಾರ್ಡ್ ಇವತ್ತಿಗೂ ಅದೇ ಕ್ಯಾಬಿನೆಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಕಂಪ್ಯೂಟರ್ ನನ್ನದಲ್ಲ, ಅಪ್ಪನದು. ಅಪ್ಪ 31 ವರ್ಷ ಲಾರಿ ಓಡಿಸಿದವರು. ತಿಪಟೂರಿನಲ್ಲಿ ಕೊಬ್ಬರಿ ಲೋಡ್ ಮಾಡಿಕೊಂಡು ಹುಬ್ಬಳ್ಳಿ, ಪುಣೆ ಕಡೆ ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮೊಣಕಾಲು ಆಪರೇಷನ್ ಆದ ಮೇಲೆ ಗಾಡಿ ಹತ್ತೋದು ನಿಂತಿತು. ಮನೆಯಲ್ಲಿ ಸುಮ್ನೆ ಕೂತಿರುವುದು ಅವರಿಗೆ ಆಗದ ಕೆಲಸ. 2022ರಲ್ಲಿ ಅವರಿಗೆ ಅಂತಲೇ ಒಂದು ಗೇಮಿಂಗ್ ಪಿಸಿ ಜೋಡಿಸಿ ತರಿಸಿದೆ. ರೈಜನ್ 5 5600 ಪ್ರೊಸೆಸರ್, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್. ಜೊತೆಗೆ ಕ್ಲಚ್ ಪೆಡಲ್ ಕೂಡ ಇರುವ ಲಾಜಿಟೆಕ್ ಜಿ29 ಸ್ಟೀರಿಂಗ್. ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2, ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವುದು. ಅದರಲ್ಲಿ ಅಪ್ಪನಿಗೆ ಬ್ರಿಟನ್ ರಸ್ತೆಗಳೆಂದರೆ ಪ್ರಾಣ. ಅಲ್ಲಿ ನಮ್ಮ ಹಾಗೇ ಎಡಗಡೆ ಓಡಿಸಬೇಕು ನೋಡಿ, ಅದಕ್ಕೆ. ಡೋವರ್ ಬಂದರಿನಿಂದ ಲಂಡನ್‌ಗೆ ಲೋಡ್ ಹೊಡೆಯುವುದು ಅವರ ದಿನದ ಟ್ರಿಪ್.

ಹೋದ ವರ್ಷ ಮಳೆಗಾಲದ ಹೊತ್ತಿಗೆ ತೊಂದರೆ ಶುರುವಾಯಿತು. ಅಪ್ಪ ಫೋನಿನಲ್ಲಿ ಹೇಳಿದ್ದು ಹೀಗೆ: "ಗಾಡಿ ಮಿಸ್ಸಿಂಗ್ ಹೊಡೀತಾ ಇದೆ ಕಣೋ. ಊರೊಳಗೆ ಬಂದ್ರೆ ಜಾಸ್ತಿ. ಇನ್ನೊಂದು ಬೇರೆ ಇದೆ, ಒಂದೊಂದ್ಸಲ ಹಂಗೇ ನಿಂತ್‌ಬಿಡುತ್ತೆ, ಅರ್ಧ ನಿಮಿಷ ಬಿಟ್ಟು ತಾನೇ ಹೊರಡುತ್ತೆ. ಎರಡೂ ಒಂದೇ ರೋಗ ಅಲ್ಲ."

ಮಿಸ್ಸಿಂಗ್ ಅಂದರೆ ಆಟದ ಚಿತ್ರ ಜರ್ಕ್ ಹೊಡೆಯುವುದು. ಎರಡೂ ಒಂದೇ ರೋಗ ಅಲ್ಲ ಅನ್ನುವ ಕೊನೆಯ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಮೊದಲು ಹೋದ ಅಂಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಆಟ ಹ್ಯಾಂಗ್ ಆಗುತ್ತೆ ಅಂದ ತಕ್ಷಣ ವಿಂಡೋಸ್ ಫಾರ್ಮ್ಯಾಟ್ ಮಾಡಿದರು. ಡಾಕ್ಯುಮೆಂಟ್ಸ್ ಫೋಲ್ಡರ್ ಕೂಡ ಅದರ ಜೊತೆ ಹೋಯಿತು. ಅಪ್ಪನ ಆಟದ ಸೇವ್, ಅಂದರೆ ಅಲ್ಲಿವರೆಗೆ ಆಡಿದ್ದನ್ನು ಉಳಿಸಿಟ್ಟ ಫೈಲ್, ಇದ್ದದ್ದು ಅಲ್ಲೇ. ಅದರಲ್ಲಿ ಅವರು ಒಂದು ಲಾರಿಯಿಂದ ಶುರು ಮಾಡಿ ಒಂಬತ್ತು ಲಾರಿಗಳ ಕಂಪನಿ ಕಟ್ಟಿದ್ದರು. ಮನೆಗೆ ತಂದು ಆನ್ ಮಾಡಿದಾಗ ಆಟ ಹೊಸ ಡ್ರೈವರ್‌ನ ಹೆಸರು ಕೇಳಿತು. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋಗಿ ಜಗಲಿ ಮೇಲೆ ಕೂತರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇಷ್ಟೆಲ್ಲ ಆದಮೇಲೂ ಹ್ಯಾಂಗ್ ಆಗುವುದು ನಿಂತಿರಲಿಲ್ಲ. ಆಗಲೇ ಅವರು ಗ್ರಾಫಿಕ್ಸ್ ಕಾರ್ಡಿನ ಮಾತು ತೆಗೆದದ್ದು.

ಆಮೇಲೆ ಒಬ್ಬ ಗೆಳೆಯ ಎಸ್.ಪಿ. ರಸ್ತೆಯ ಈ ಅಂಗಡಿ ಹೇಳಿದ. ಕ್ಯಾಬಿನೆಟ್ಟನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಕೆಳಗೆ ಕಂಬಳಿ ಹಾಸಿ, ಬೆಲ್ಟ್ ಬಿಗಿದುಕೊಂಡು ತಿಪಟೂರಿನಿಂದ ಹೊರಟೆವು. ನಿಲ್ಲಿಸಿಕೊಂಡು ಹೋದರೆ ಕುಲುಕಾಟಕ್ಕೆ ಗ್ರಾಫಿಕ್ಸ್ ಕಾರ್ಡಿನ ಭಾರ ಸ್ಲಾಟಿನ ಮೇಲೆ ಬೀಳುತ್ತದೆ, ಮಲಗಿಸಿ ತನ್ನಿ ಅಂತ ಅಂಗಡಿಯವರೇ ಫೋನಿನಲ್ಲಿ ಹೇಳಿದ್ದರು. ಸ್ಟೀರಿಂಗ್ ಕೂಡ ತನ್ನಿ, ಓಡಿಸುವವರನ್ನೂ ಕರೆದುಕೊಂಡು ಬನ್ನಿ ಅಂದಿದ್ದರು. ಅದು ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು.

ರಿಪೇರಿ ಮಾಡುವವರು ಮೂವತ್ತರ ಆಸುಪಾಸಿನ ಹುಡುಗ. ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಹತ್ತು ನಿಮಿಷ ಅಪ್ಪನ ಹತ್ತಿರ ಮಾತಾಡಿದರು. ಯಾವಾಗ ಜರ್ಕ್ ಆಗುತ್ತೆ? ಎಷ್ಟು ಹೊತ್ತು ಓಡಿಸಿದ ಮೇಲೆ? ಪೂರ್ತಿ ನಿಂತಾಗ ಇಂಜಿನ್ ಸದ್ದು ಬರುತ್ತಾ? ಮೌಸ್ ಅಲ್ಲಾಡುತ್ತಾ? ಕೊನೆಯ ಪ್ರಶ್ನೆ: "ಕ್ಯಾಬಿನೆಟ್ ಮುಂದೆ ಕೆಂಪು ಲೈಟ್ ಇದೆಯಲ್ಲ, ನಿಂತಾಗ ಅದು ಮಿನುಗುತ್ತಾ, ಇಲ್ಲ ಒಂದೇ ಸಮ ಉರಿಯುತ್ತಾ?"

ಅಪ್ಪ ಥಟ್ಟನೆ ಹೇಳಿದರು: "ಒಂದೇ ಸಮ ಉರಿಯುತ್ತೆ. ಅದು ಆರಿದ ಮೇಲೇ ಗಾಡಿ ಹೊರಡೋದು."

ನಾನು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ. ಡ್ಯಾಶ್‌ಬೋರ್ಡ್ ದೀಪ ನೋಡುತ್ತಾ ಜೀವನ ಕಳೆದವರು, ಅವರ ಕಣ್ಣಿಗೆ ಬಿದ್ದಿತ್ತು. ಅದು ಡಿಸ್ಕಿನ ಲೈಟ್. ವಿಂಡೋಸ್ ಇರುವುದು ಬೋರ್ಡಿನ ಮೇಲೇ ಕೂರುವ ಎನ್‌ವಿಎಂಇ ಡ್ರೈವಿನಲ್ಲಿ, ಆಟ ಇರುವುದು ಕೇಬಲ್ಲಿನಿಂದ ಜೋಡಿಸಿದ ಬೇರೆ ಸಾಟಾ ಎಸ್‌ಎಸ್‌ಡಿಯಲ್ಲಿ. ಮೌಸ್ ಅಲ್ಲಾಡುತ್ತಿದೆ, ಸದ್ದು ಬರುತ್ತಿದೆ, ಚಿತ್ರ ಮಾತ್ರ ನಿಂತಿದೆ, ಡಿಸ್ಕ್ ಲೈಟ್ ಉರಿಯುತ್ತಲೇ ಇದೆ. ಹಾಗಿದ್ದರೆ ಆಟ ಡಿಸ್ಕಿನ ಉತ್ತರಕ್ಕೆ ಕಾಯುತ್ತಿದೆ ಅಂತ ಅರ್ಥ ಎಂದು ಅವರು ನನಗೆ ಬಿಡಿಸಿ ಹೇಳಿದರು. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ತೋರಿಸಿದರು. ಹಳದಿ ಎಚ್ಚರಿಕೆಗಳು ಸಾಲಾಗಿ ಇದ್ದವು, ಎಲ್ಲದರ ನಂಬರ್ 129. ವಿಂಡೋಸ್ ಡಿಸ್ಕಿಗೆ ಏನೋ ಕೇಳುತ್ತದೆ, ಉತ್ತರ ಬರುವುದಿಲ್ಲ, ಕಾದೂ ಕಾದೂ ಕೊನೆಗೆ ರೀಸೆಟ್ ಮಾಡುತ್ತದೆ. ಆಗ ಬರೆದಿಡುವ ಸಾಲು ಇದು. ಫಾರ್ಮ್ಯಾಟ್ ಆದ ಮೇಲಿನ ಮೂರು ವಾರದಲ್ಲೇ ಇಂಥವು 40ಕ್ಕೂ ಜಾಸ್ತಿ.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ. ಅದರಲ್ಲಿ ಸಿ7 ಅನ್ನೋ ಒಂದು ಸಾಲು ಇರುತ್ತದೆ, ಸಿಆರ್‌ಸಿ ಎರರ್ ಲೆಕ್ಕ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದಾರಿಯಲ್ಲಿ ಕೆಟ್ಟುಹೋದ ಡೇಟಾ ಎಷ್ಟು ಸಲ ಬಂತು ಅನ್ನುವುದರ ಎಣಿಕೆ. ನಮ್ಮದರಲ್ಲಿ 412. ಡಿಸ್ಕ್ ಸವೆದದ್ದು ತೋರಿಸುವ ಬೇರೆ ಸಾಲುಗಳೆಲ್ಲ ಸರಿಯಾಗಿದ್ದವು. "ಡಿಸ್ಕ್ ಚೆನ್ನಾಗಿದೆ ಸಾರ್, ದಾರಿ ಸರಿ ಇಲ್ಲ" ಅಂದರು. ಸೈಡ್ ಪ್ಯಾನೆಲ್ ತೆಗೆದು, ಆಟ ಓಡುತ್ತಿರುವಾಗಲೇ ಆ ಡಿಸ್ಕಿನ ಕೆಂಪು ಸಾಟಾ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಒಂದಿಷ್ಟೇ ಇಷ್ಟು ಸರಿಸಿದರು. ಪರದೆ ನಿಂತಿತು. ಕೆಂಪು ಲೈಟ್ ಹತ್ತಿ ಹಾಗೇ ಉಳಿಯಿತು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಾ ನಿಂತಿದ್ದೆವು. ಲೈಟ್ ಆರಿತು, ಲಾರಿ ಹೊರಟಿತು. ಸಿ7 ಈಗ 419.

ಕೇಬಲ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕನೆಕ್ಟರಿನ ಮೇಲೆ ಹಿಡಿದುಕೊಳ್ಳುವ ಸಣ್ಣ ತಗಡಿನ ಕ್ಲಿಪ್ ಮುರಿದಿತ್ತು. ಸೈಡ್ ಪ್ಯಾನೆಲ್ ಒತ್ತಿ ಒತ್ತಿ ಕನೆಕ್ಟರಿನ ಹತ್ತಿರವೇ ಚೂಪಾಗಿ ಮಡಚಿಕೊಂಡಿತ್ತು. 120 ರೂಪಾಯಿಯ ಸಾಮಾನು. ಇದಕ್ಕಾಗಿ ಒಂಬತ್ತು ಲಾರಿಗಳು ಹೋದವು.

ಪೂರ್ತಿ ನಿಲ್ಲುವ ಕಾಯಿಲೆ ಅಲ್ಲಿಗೆ ಮುಗಿಯಿತು. ಆದರೆ ಮಿಸ್ಸಿಂಗ್ ಹಾಗೇ ಇತ್ತು. ಅಪ್ಪ ಹೇಳಿದ್ದೇ ಸರಿ, ಎರಡು ಬೇರೆ ಬೇರೆ ರೋಗ.

ಸ್ಟೀರಿಂಗ್ ತರಿಸಿದ್ದು ಇದಕ್ಕೇ. ಅಪ್ಪನನ್ನು ಕೂರಿಸಿ, "ಲಂಡನ್‌ಗೆ ಓಡಿಸಿ ಸಾರ್, ಜರ್ಕ್ ಆದಾಗ ಈಗ ಅನ್ನಿ" ಅಂದರು. ಎಂಎಸ್‌ಐ ಆಫ್ಟರ್‌ಬರ್ನರ್‌ನಿಂದ ಪರದೆಯ ಮೂಲೆಯಲ್ಲಿ ಫ್ರೇಮ್‌ಟೈಮ್ ಗೆರೆ ಹಾಕಿದ್ದರು. ಒಂದೊಂದು ಫ್ರೇಮ್, ಅಂದರೆ ಒಂದೊಂದು ಚಿತ್ರ, ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅದು ತೋರಿಸುತ್ತದೆ. ಎಫ್‌ಪಿಎಸ್ 58 ಅಂತ ತೋರಿಸುತ್ತಿತ್ತು, ನೋಡಿದರೆ ಏನೂ ತೊಂದರೆ ಇಲ್ಲ. ಆದರೆ ಎಫ್‌ಪಿಎಸ್ ಅನ್ನುವುದು ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅನ್ನುವ ಸರಾಸರಿ. ಊರಿಂದ ಊರಿಗೆ ಸರಾಸರಿ 58ರಲ್ಲಿ ಬಂದೆ ಅಂದರೆ ದಾರಿಯಲ್ಲಿ ಎಷ್ಟು ಹಂಪ್ ಇತ್ತು ಅಂತ ಗೊತ್ತಾಗುತ್ತಾ? 60 ಎಫ್‌ಪಿಎಸ್ ಇದ್ದರೆ ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ. ಅಪ್ಪ "ಈಗ" ಅಂದಾಗಲೆಲ್ಲ ಆ ಗೆರೆ 80, 90, ಒಂದು ಸಲ 110ರವರೆಗೆ ಹಾರಿತು. ಇಪ್ಪತ್ತು ಸಲ ಅಂದಿದ್ದರೆ ಇಪ್ಪತ್ತೂ ಸಲ ಗೆರೆಯ ಮೇಲೆ ಕಂಡಿತು. ನನ್ನ ಕಣ್ಣಿಗೆ ಅದರಲ್ಲಿ ಅರ್ಧ ಗೊತ್ತೇ ಆಗಲಿಲ್ಲ.

ಆಮೇಲೆ ಗ್ರಾಫಿಕ್ಸ್ ಎಲ್ಲ ಕಡಿಮೆ ಮಾಡಿ, ರೆಸಲ್ಯೂಶನ್ ಇಳಿಸಿ ಮತ್ತೆ ಓಡಿಸಿದರು. ಜರ್ಕ್ ಅಷ್ಟೇ. ಕಾರ್ಡಿನ ಕೆಲಸ ಅರ್ಧ ಆಗಿ ಹೋದರೂ ಜರ್ಕ್ ಕಡಿಮೆ ಆಗಿಲ್ಲ ಅಂದರೆ ತಪ್ಪು ಕಾರ್ಡಿನದಲ್ಲ. 27 ಸಾವಿರದ ಮಾತು ಇಷ್ಟು ಸುಲಭದ ಒಂದು ಪರೀಕ್ಷೆಯಲ್ಲಿ ಬಿದ್ದುಹೋಯಿತು. ನೀವೂ ಮನೆಯಲ್ಲೇ ಮಾಡಿ ನೋಡಬಹುದು, ಒಂದು ಪೈಸೆ ಖರ್ಚಿಲ್ಲ.

ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಿಗೆ ಕೋರ್ ಅನ್ನುತ್ತಾರೆ. ಈ ಆಟ ಒಂದು ಕೋರ್ ಮೇಲೇ ಜಾಸ್ತಿ ಭಾರ ಹಾಕುತ್ತದೆ. ಆ ಕೋರಿಗೆ ಡೇಟಾ ತಲುಪಿಸುವುದು ರ್‍ಯಾಮ್. ನಮ್ಮ ಮದರ್‌ಬೋರ್ಡಿನಲ್ಲಿ ನಾಲ್ಕು ಸ್ಲಾಟ್, 8 ಜಿಬಿಯ ಎರಡು ಸ್ಟಿಕ್. ಜೋಡಿಸಿದವರು ಅವನ್ನು ಅಕ್ಕಪಕ್ಕ, ಒಂದು ಮತ್ತು ಎರಡನೇ ಸ್ಲಾಟಿಗೆ ಹಾಕಿದ್ದರು. ಹಾಗೆ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಡೇಟಾ ಹೋಗುವ ಒಂದೇ ದಾರಿಗೆ ಸೇರುತ್ತವೆ. ಎರಡು ಮತ್ತು ನಾಲ್ಕರಲ್ಲಿ ಹಾಕಿದರೆ ಡಬಲ್ ರೋಡ್, ಅದೇ ಡ್ಯುಯಲ್ ಚಾನೆಲ್. ಅದರ ಮೇಲೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ, ಮೆಮೊರಿಯನ್ನು ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ ಆನ್ ಮಾಡಿರಲಿಲ್ಲ, 3200ರ ರ್‍ಯಾಮ್ 2133ರಲ್ಲಿ ಓಡುತ್ತಿತ್ತು. ಮೆಮೊರಿ ವೇಗ ತೋರಿಸುವ ಸಿಪಿಯು-ಝಡ್‌ನಲ್ಲಿ ನೋಡುವವರು ಒಂದು ವಿಷಯ ನೆನಪಿಡಿ: ಅಲ್ಲಿ ಅರ್ಧ ಸಂಖ್ಯೆ ಬರುತ್ತದೆ. 1066 ಅಂದರೆ 2133, 1600 ಅಂದರೆ 3200. ಕೊಂಡ ದಿನದಿಂದ ನಾವು ಹೀಗೇ ಓಡಿಸುತ್ತಿದ್ದೆವು. ಮುಂಚೆ ಯಾಕೆ ಇಷ್ಟು ಗೊತ್ತಾಗಲಿಲ್ಲ ಅಂತ ಕೇಳಿದೆ. ಕೂಲರ್ ಬಿಚ್ಚಿ ತೋರಿಸಿದರು. ರೆಕ್ಕೆಗಳ ಸಂದಿಯಲ್ಲಿ ಧೂಳು ಕಂಬಳಿ ಹಾಗೆ ಕೂತಿತ್ತು. ನಮ್ಮ ಮನೆ ಹೆದ್ದಾರಿ ಪಕ್ಕ. ಅರ್ಧ ಗಂಟೆ ಓಡಿಸಿದರೆ ಪ್ರೊಸೆಸರ್ 89 ಡಿಗ್ರಿ ಮುಟ್ಟುತ್ತಿತ್ತು. ಇದರ ಮಿತಿಯೇ 90, ಅಲ್ಲಿಗೆ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಧಾನದ ರ್‍ಯಾಮಿಗೆ ಬಿಸಿಯೂ ಸೇರಿಕೊಂಡು ಜರ್ಕ್ ಕಣ್ಣಿಗೆ ಬೀಳುವಷ್ಟಾಗಿತ್ತು.

ರ್‍ಯಾಮ್ ಸ್ಲಾಟ್ ಬದಲಿಸಿ, ವೇಗ ಏರಿಸಿದ ಮೇಲೆ ಹಾಗೇ ಕೈಗೆ ಕೊಟ್ಟು ಕಳಿಸಲಿಲ್ಲ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿದರು, ನಾಲ್ಕು ಪಾಸ್, ಒಂದೂ ಎರರ್ ಇಲ್ಲ. ಇದಕ್ಕೇ ಎರಡು ದಿನ ಇಟ್ಟುಕೊಂಡದ್ದು. ಬಿಚ್ಚುವ ಮೊದಲೇ ಆಟದ ಸೇವ್ ಎಲ್ಲಿದೆ ಅಂತ ಕೇಳಿ ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಅಪ್ಪ ಹೊಸದಾಗಿ ಶುರು ಮಾಡಿದ್ದ ಕಂಪನಿಯಲ್ಲಿ ಆಗ ಇದ್ದದ್ದು ಒಂದೇ ಲಾರಿ. ಆದರೂ ಕೇಳಿದರು.

ವಾಪಸ್ ಕೊಡುವಾಗ ಹಳೇ ಕೇಬಲ್ ಒಂದು ಕವರಿನಲ್ಲಿ ಹಾಕಿ, ಒಂದು ಚೀಟಿ ಬರೆದುಕೊಟ್ಟರು. ಸಿ7: 419. ಬಿಸಿ: ಮೊದಲು 89, ಈಗ 71. ರ್‍ಯಾಮ್: 3200, ಡ್ಯುಯಲ್. ಸಿ7 ಸಂಖ್ಯೆ ಕೆಳಗೆ ಇಳಿಯುವುದಿಲ್ಲ, ಕೇಬಲ್ ಬದಲಿಸಿದರೂ ಹಳೇ ಲೆಕ್ಕ ಹಾಗೇ ಇರುತ್ತದೆ, ಮೇಲೆ ಏರದಿದ್ದರೆ ಸರಿಹೋಗಿದೆ ಅಂತ ಅರ್ಥ ಎಂದು ಅಪ್ಪನಿಗೆ ಹೇಳಿಕೊಟ್ಟರು. ಅಪ್ಪ ಆ ಚೀಟಿಯನ್ನು ಕ್ಯಾಬಿನೆಟ್ ಮೇಲೆ ಟೇಪ್ ಹಾಕಿ ಅಂಟಿಸಿದ್ದಾರೆ. ಪ್ರತಿ ಭಾನುವಾರ ನೋಡುತ್ತಾರೆ. ನಾಲ್ಕು ತಿಂಗಳಾಯಿತು, 419ರಲ್ಲೇ ಇದೆ. ಜರ್ಕ್ ಪೂರ್ತಿ ಸೊನ್ನೆ ಆಗಿದೆ ಅಂತ ಹೇಳಲಾರೆ. ದೊಡ್ಡ ಊರಿಗೆ ಒಳಗೆ ಬರುವಾಗ ಒಂದೆರಡು ಸಲ ಗೆರೆ 30 ಮುಟ್ಟುತ್ತದೆ. ಅಪ್ಪ ಅದಕ್ಕೆ ತಕರಾರು ಮಾಡುತ್ತಿಲ್ಲ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಮೆಟ್ಟಿಲಿಗೆ. ಅಂಗಡಿ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು, ಒಂದೇ ಕಡೆ ಹಿಡಿಕೆ. ಆಪರೇಷನ್ ಆದ ಕಾಲಿನಲ್ಲಿ ಅಪ್ಪ ಹತ್ತುವುದನ್ನು ನೋಡಿ ನನಗೆ ಸಂಕಟವಾಯಿತು. ವಯಸ್ಸಾದವರು ಬರುತ್ತಾರೆ ಅಂದರೆ ಕೆಳಗೇ ಒಂದು ಕುರ್ಚಿ, ಮಾನಿಟರ್ ಇಡುವ ವ್ಯವಸ್ಥೆ ಮಾಡಿದರೆ ತುಂಬ ಉಪಕಾರ. ಬೆಳಗ್ಗೆ ಹೊತ್ತು ಫೋನ್ ಎತ್ತುವುದಿಲ್ಲ, ಹನ್ನೊಂದರ ಮೇಲೆ ಮಾಡಿ. ಭಾನುವಾರ ರಜ. ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಕ್ಯಾಬಿನೆಟ್ ಇಳಿಸಿಕೊಳ್ಳಲು ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಬರಿಗೈಯಲ್ಲಿ ಕೇಳಿಕೊಂಡು ಬರುವುದಾದರೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ಪೆನ್‌ಡ್ರೈವ್ ಮರೆಯಬೇಡಿ.