ಘೀ ರೋಸ್ಟ್ ಮೋಮೋಗೆ ಫುಲ್ ಮಾರ್ಕ್, ಮೆನು ಕಾರ್ಡಿಗೆ ಸೊನ್ನೆ

ಮಂಗ್ಳೂರಲ್ಲಿ ಈಗ ಕೇರಿಗೊಂದು ಮೋಮೋ ಅಂಗಡಿ ಉಂಟು, ಅದ್ರಲ್ಲಿ ಒಂದರ ರಿವ್ಯೂ ಇದು. ಹೆಸರು ಹಾಕುದಿಲ್ಲ, ಯಾಕೆ ಅಂತ ಓದುವಾಗ ಗೊತ್ತಾಗ್ತದೆ. ಅಕ್ಕನ ಮಗಳು ಮಣಿಪಾಲದಲ್ಲಿ ಓದ್ತಾಳೆ, ರಜೆಗೆ ಬಂದಿದ್ಲು, "ಮಾಮ, ಅಲ್ಲಿ ಘೀ ರೋಸ್ಟ್ ಮೋಮೋ ಭಾರೀ ಲಾಯ್ಕ ಅಂತೆ, ಹೋಗುವ" ಅಂತ ಎಳ್ಕೊಂಡು ಹೋದದ್ದು ಅವಳೇ.

ತಿಂಡಿ ವಿಷ್ಯ ಮೊದ್ಲು ಮುಗಿಸ್ತೇನೆ. ಘೀ ರೋಸ್ಟ್ ಮೋಮೋ ನಿಜವಾಗ್ಲೂ ಒಳ್ಳೇದುಂಟು. ಕುಂದಾಪ್ರದ ಮಸಾಲೆಯೇ, ಬ್ಯಾಡಗಿ ಮೆಣಸು ಹುರಿದ ಪರಿಮಳ ಟೇಬಲ್‌ಗೆ ಬರುವ ಮೊದ್ಲೇ ಬರ್ತದೆ, ಹುಳಿ ಸರಿಯಾಗಿ ಉಂಟು, ತುಪ್ಪಕ್ಕೆ ಕಂಜೂಸಿ ಮಾಡಿಲ್ಲ. ಮೋಮೋದ ಹೊರಗಿನ ಪದರ ತೆಳು, ಒಳಗಿನ ಕೋಳಿ ಒಣಗಿಲ್ಲ. ಕೊನೆಗೆ ಪ್ಲೇಟಲ್ಲಿ ಉಳಿದ ಮಸಾಲೆಗೆ ನೀರು ದೋಸೆ ಇದ್ದಿದ್ರೆ ಅಂತ ಅನ್ನಿಸ್ತು, ಚೈನೀಸ್ ಹೋಟ್ಲಲ್ಲಿ ಕೇಳ್ಲಿಕ್ಕೆ ನಾಚಿಕೆ ಆಯ್ತು. ಗೋಬಿ ಮಂಚೂರಿ ಕೆಂಪು ಕೆಂಪಾಗಿ ಇರ್ಲಿಲ್ಲ, ಕಂದು ಬಣ್ಣ. 2024ರಲ್ಲಿ ಸರ್ಕಾರ ಗೋಬಿಗೆ ಕಲರ್ ಹಾಕುದು ಬ್ಯಾನ್ ಮಾಡಿದ ಮೇಲೂ ಕೆಲವು ಕಡೆ ತಿಂದ್ರೆ ಬೆರಳಿಗೆಲ್ಲ ಬಣ್ಣ ಹಿಡೀತದೆ, ಇಲ್ಲಿ ಆ ರಗಳೆ ಇಲ್ಲ. ಥುಕ್ಪಾ, ಅಂದ್ರೆ ಟಿಬೆಟ್ ಕಡೆಯ ನೂಡಲ್ಸ್ ಸೂಪ್, ಸಪ್ಪೆ, ಅದು ಬೇಡ. ನೂಡಲ್ಸ್ ಎಲ್ಲ ಕಡೆ ಸಿಗುವ ಹಾಗೆಯೇ.

ಈಗ ಮೆನು ಕಾರ್ಡ್. ಇವ್ರದ್ದು ಕಾಮಿಡಿ ಥೀಮ್ ಅಂತೆ, ಪ್ರತಿ ಐಟಮ್‌ಗೂ ಒಂದು ಜೋಕ್ ಹೆಸರು. ಚಿಲ್ಲಿ ಮೋಮೋಗೆ "ಚಿಂಕಿ ಚಿಲ್ಲಿ", ಚಿಂಕಿ ಅಂದ್ರೆ ಈಶಾನ್ಯದವ್ರನ್ನು ಹೀಯಾಳಿಸಿ ಕರೆಯುವ ಪದ. ಸೂಪಿಗೆ "ಶಾಬ್‌ಜಿ ಸೂಪ್", ನೇಪಾಳದ ವಾಚ್‌ಮನ್‌ಗಳು ಸಾಬ್‌ಜಿ ಅನ್ನುದನ್ನು ಅಣಕಿಸಿದ್ದು, ಪಕ್ಕದಲ್ಲಿ ಲಾಠಿ ಸೀಟಿ ಹಿಡಿದ ಗೂರ್ಖಾನ ಚಿತ್ರ. ಬ್ಲ್ಯಾಕ್ ಬೀನ್ ಸಾಸ್ ಹಾಕಿದ ನೂಡಲ್ಸಿಗೆ ಆಫ್ರಿಕಾದ ಹೆಸರು, ಅದಕ್ಕೆ ದಪ್ಪ ತುಟಿ ಬಿಡಿಸಿ ತಲೆಯಲ್ಲಿ ಎಲುಬು ಸಿಕ್ಕಿಸಿದ ಒಂದು ಕಾರ್ಟೂನ್. ಫ್ರೈಡ್ ರೈಸ್ ಕೆಳಗೆ "ಬಾವಲಿ ಹಾಕಿಲ್ಲ, ದೇವರಾಣೆ". ಗೋಡೆಯಲ್ಲಿ ದೊಡ್ಡದಾಗಿ "ಹೆದರ್ಬೇಡಿ, ನಮ್ಮ ಚಿಕನ್ ಬೊಗಳುದಿಲ್ಲ". ಕೈ ತೊಳೆಯುವಲ್ಲಿ ಕನ್ನಡಿ ಮೇಲೆ ಎರಡು ಗೆರೆ ಎಳೆದ ಹಾಗೆ ಕಣ್ಣಿನ ಸ್ಟಿಕ್ಕರ್, ನಮ್ಮ ಮುಖ ಅದಕ್ಕೆ ಸರಿಯಾಗಿ ಇಟ್ಟು ಸೆಲ್ಫಿ ತೆಗೀಬೇಕಂತೆ.

ಅಕ್ಕನ ಮಗಳು ಓದ್ತಾ ಓದ್ತಾ ಸುರುವಿಗೆ ನಕ್ಕಳು, ನಾನು ಮುಖ ಗಂಟು ಹಾಕಿದ್ದು ನೋಡಿ "ಎಂಥ ಮಾಮ, ಜಸ್ಟ್ ಜೋಕ್ ಅಲ್ವಾ, ಯಾರನ್ನೂ ದ್ವೇಷ ಮಾಡಿ ಬರ್ದದ್ದಲ್ಲ" ಅಂದ್ಲು. ಅವಳ ಮಾತಲ್ಲಿ ತಪ್ಪೇನೂ ಇಲ್ಲ, ಬರೆದವನಿಗೆ ದ್ವೇಷ ಇದ್ದಿರ್ಲಿಕ್ಕಿಲ್ಲ. ಅಷ್ಟರಲ್ಲಿ ಆರ್ಡರ್ ತಗೊಳ್ಳಿಕ್ಕೆ ಹುಡುಗ ಬಂದ, ಈಶಾನ್ಯದ ಕಡೆಯವ, ಇಪ್ಪತ್ತರ ಒಳಗೆ ಇರ್ಬಹುದು, ಕನ್ನಡ ನಮ್ಮಷ್ಟೇ ಚಂದ ಮಾತಾಡ್ತಾನೆ, "ಎಂಥ ಕೊಡ್ಬೇಕು ಅಣ್ಣ" ಅಂತ ನಮ್ಮ ಊರಿನ ರಾಗದಲ್ಲೇ. ನಾವು ಮೊದ್ಲು ಹೇಳಿದ್ದನ್ನೆಲ್ಲ ಅವ ತಿರುಗಿ ಹೇಳಿದ: ನಂಬರ್ ನಾಲ್ಕು ಒಂದು, ನಂಬರ್ ಹದಿನಾಲ್ಕು ಒಂದು, ಒಂದು ನೀರು ಬಾಟ್ಲಿ. ಪಕ್ಕದ ಟೇಬಲ್ಲಿನವ್ರು ಚಿಂಕಿ ಚಿಲ್ಲಿ ಎರಡು ಪ್ಲೇಟ್ ಅಂತ ಬೊಬ್ಬೆ ಹಾಕಿದ್ರು, ಅವ ಚೀಟಿಯಲ್ಲಿ ಬರ್ಕೊಂಡು ಕಿಚನ್ ಕಡೆ ತಿರುಗಿ "ಒಂಬತ್ತು, ಎರಡು" ಅಂತ ಮಾತ್ರ ಕೂಗಿದ. ನಾವಲ್ಲಿ ಕೂತಷ್ಟು ಹೊತ್ತು ಅವನ ಬಾಯಲ್ಲಿ ಒಂದು ಐಟಮ್ ಹೆಸರೂ ಬರ್ಲಿಲ್ಲ, ಬರೀ ನಂಬರ್. ಅಕ್ಕನ ಮಗಳು ಅದನ್ನು ಗಮನಿಸಿದ್ಲು, ಮತ್ತೆ ನಗ್ಲಿಲ್ಲ.

ಬಿಲ್ ಕೊಡುವಾಗ ಓನರ್ ಹತ್ರ ಕೇಳಿದೆ. ಜನ ಒಳ್ಳೆಯವ್ರು, ಸಿಟ್ಟು ಮಾಡ್ಲಿಲ್ಲ. "ಅಯ್ಯೋ ಮಾರಾಯ್ರೆ, ನಾವು ಎಲ್ರ ಮೇಲೂ ಜೋಕ್ ಮಾಡಿದ್ದೇವೆ, ನಮ್ಮನ್ನೇ ಬಿಟ್ಟಿಲ್ಲ ನೋಡಿ" ಅಂತ ಕಾರ್ಡಿನ ಹಿಂದೆ ತೋರಿಸಿದ್ರು. ಹೌದು, "ಬಾಂಬೆ ಶೆಟ್ರ ಫ್ಯಾಮಿಲಿ ಪ್ಯಾಕ್" ಉಂಟು, "ಕೊಂಕಣಿ ಮಾಮ್ ಲೆಕ್ಕ ಪಕ್ಕಾ ಕಾಂಬೋ" ಉಂಟು. ನಮ್ಮ ಹುಡುಗರಿಗೂ ಬೇಜಾರಿಲ್ಲ, ಅವ್ರೂ ನಗ್ತಾರೆ ಅಂದ್ರು.

ಇದೇ ಪಾಯಿಂಟ್ ನನ್ನ ತಲೆ ತಿಂದದ್ದು. ಶೆಟ್ರ ಜೋಕಲ್ಲಿ ಶೆಟ್ರು ದುಡ್ಡಿನವ್ರು, ಕೊಂಕಣಿ ಜೋಕಲ್ಲಿ ಮಾಮ್ ಬುದ್ಧಿವಂತ, ಇಬ್ರೂ ಕ್ಯಾಶ್ ಕೌಂಟರಿನ ಆಚೆ ಕೂತು ನಗ್ಬಹುದು, ಬೇಕಾದ್ರೆ ವಾಪಾಸ್ ಎರಡು ಬಿಡ್ಬಹುದು. ಯಕ್ಷಗಾನದ ಹಾಸ್ಯಗಾರರು ಹವ್ಯಕರ ಮಾತು, ಕೊಂಕಣಿ ಮಾತು, ಬ್ಯಾರಿ ಮಾತು ಎಲ್ಲ ತಮಾಷೆ ಮಾಡ್ತಾರೆ, ತುಳು ನಾಟಕದಲ್ಲಂತೂ ಅದಿಲ್ಲದೆ ಪರದೆ ಏಳುದಿಲ್ಲ, ಮುಂದಿನ ಸಾಲಲ್ಲಿ ಅವ್ರೇ ಕೂತು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಅದನ್ನೆಲ್ಲ ರೇಸಿಸಂ ಅಂತ ಹೇಳ್ಲಿಕ್ಕೆ ನಾನು ತಯಾರಿಲ್ಲ. ಆದ್ರೆ ಸಂಬಳ ಕೊಡುವ ಧಣಿಯ ಎದುರು ಆ ಹುಡುಗ ನಗದೆ ಏನು ಮಾಡ್ತಾನೆ? ನಾಳೆ ಅವ ಕಾರ್ಡಿನ ಕೆಳಗೆ ಓನರ್ ಬಗ್ಗೆ ಒಂದು ಜೋಕ್ ಬರೆದ್ರೆ ಸಂಜೆಗೆ ಕೆಲಸ ಇರ್ತದಾ? ನನ್ನ ಲೆಕ್ಕದಲ್ಲಿ ಇದು ರೇಸಿಸಂ, ಓನರ್ ಮನಸ್ಸು ಎಷ್ಟೇ ಕ್ಲೀನ್ ಇರ್ಲಿ, ಯಾಕಂದ್ರೆ ಮನುಷ್ಯನ ಮುಖ, ಕಣ್ಣು, ಮೈ ಬಣ್ಣ ಹಿಡಿದು ಇವ ಇಂಥವ ಅಂತ ಮೊದ್ಲೇ ತೀರ್ಮಾನ ಮಾಡಿಟ್ರೆ ಮಾತ್ರ ಆ ಜೋಕಿಗೆ ನಗು ಬರುದು, ಆ ತೀರ್ಮಾನ ತೆಗೆದ್ರೆ ಅಲ್ಲಿ ನಗ್ಲಿಕ್ಕೆ ಏನೂ ಉಳಿಯುದಿಲ್ಲ.

ಉಡುಪಿ ಮಂಗ್ಳೂರಿನವ್ರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಯೇ ಇಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಬಾಂಬೆಯಲ್ಲಿ "ಬಜಾವೊ ಪುಂಗಿ, ಹಟಾವೊ ಲುಂಗಿ" (ಪುಂಗಿ ಊದಿ, ಲುಂಗಿಯವ್ರನ್ನು ಅಂದ್ರೆ ದಕ್ಷಿಣದವ್ರನ್ನು ಓಡಿಸಿ) ಅಂತ ಒಂದು ಪ್ರಾಸ ಓಡ್ತಿತ್ತು, ಕೇಳ್ಲಿಕ್ಕೆ ಮಕ್ಕಳ ಆಟದ ಪದ್ಯದ ಹಾಗೆ, ತಮಾಷೆಯೇ. ಆ ಕಾಲದ ಹಿಂದಿ ಸಿನಿಮಾಗಳಲ್ಲಿ ಮದ್ರಾಸಿ ಅಂತ ಒಂದು ಕ್ಯಾರೆಕ್ಟರ್ ಅಯ್ಯಯ್ಯೋ ಅಂತ ಕುಣಿಯುದೂ ತಮಾಷೆಯೇ. ಆಮೇಲೆ ಏಟು ಬಿದ್ದದ್ದು ಉಡುಪಿ ಹೋಟೆಲುಗಳಿಗೆ. ಹತ್ತು ಹನ್ನೆರಡು ವರ್ಷಕ್ಕೇ ಮನೆ ಬಿಟ್ಟು ಹೋಗಿ ಕ್ಲೀನರ್ ಆಗಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವ್ರ ಕಥೆಯನ್ನು ನಾವು ಈಗ ಮದುವೆ ಮನೆಯಲ್ಲಿ ಹೆಮ್ಮೆಯಿಂದ ಹೇಳ್ತೇವೆ. ಈ ಹುಡುಗನೂ ಮಾಡ್ತಾ ಇರುದು ಅದನ್ನೇ, ಟ್ರೈನ್ ಹತ್ತಿದ ಊರು ಮಾತ್ರ ಬೇರೆ.

ಇನ್ನು ಮಾತಿಂದ ಏನಾಗ್ತದೆ ಬಿಡಿ ಅನ್ನುವವ್ರಿಗೆ. 2014ರ ಜನವರಿಯಲ್ಲಿ ದಿಲ್ಲಿಯ ಲಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾ ಅಂತ ಒಬ್ಬ ಹುಡುಗ ಅಡ್ರೆಸ್ ಕೇಳ್ಲಿಕ್ಕೆ ಅಂಗಡಿಗೆ ಹೋದ, ಅವನ ಕೂದಲು ನೋಡಿ ತಮಾಷೆ ಮಾಡಿದ್ರು, ಜಗಳ ಆಯ್ತು, ಹೊಡೆದ್ರು, ಮರುದಿನ ಸತ್ತ. ಅದ್ರ ನಂತರ ಬೆಜ್‌ಬರುವಾ ಕಮಿಟಿ ಅಂತ ಮಾಡಿ ಇಂಥದ್ದಕ್ಕೇ ಹೊಸ ಕಾನೂನು, ಇಲ್ಲಾಂದ್ರೆ ಇದ್ದ ಕಾನೂನಿಗೆ ತಿದ್ದುಪಡಿ ಬೇಕು ಅಂತ ರಿಪೋರ್ಟ್ ಕೊಟ್ಟದ್ದು. ಅದಕ್ಕೂ ಮೊದ್ಲು 2012ರಲ್ಲಿ, ಈಶಾನ್ಯದ ಪರಿಶಿಷ್ಟ ಪಂಗಡದವ್ರನ್ನು ಇವ್ರ ಮೆನುವಿನ ಒಂಬತ್ತನೇ ಐಟಮ್‌ನ ಆ ಪದದಿಂದ ಕರೆದ್ರೆ ಅಟ್ರಾಸಿಟಿ ಕಾಯ್ದೆಯಲ್ಲಿ ಕೇಸ್ ಹಾಕಿ ಅಂತ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಹೇಳಿತ್ತು. ಬಾವಲಿ ಜೋಕ್ ಅಂತೀರಾ, 2020ರ ಮಾರ್ಚಲ್ಲಿ ದಿಲ್ಲಿಯಲ್ಲಿ ಮಣಿಪುರದ ಹುಡುಗಿಗೆ ಕೊರೊನಾ ಅಂತ ಹೇಳಿ ಒಬ್ಬ ಉಗಿದ, ಅವನಿಗೂ ಬಹುಶಃ ಅದು ತಮಾಷೆ ಆಗಿತ್ತೋ ಏನೋ.

ಚೈನೀಸ್ ಹೋಟೆಲ್ ಅಂತ ಹೇಳುವವ್ರಿಗೆ ಇನ್ನೊಂದು. ಚಿಕನ್ ಮಂಚೂರಿಯನ್ ಮೊದ್ಲು ಮಾಡಿದ್ದು ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್, ಅದೂ 1970ರ ದಶಕದಲ್ಲಿ ಬಾಂಬೆಯಲ್ಲಿ ಅಂತ ಪ್ರಸಿದ್ಧಿ. ಅಂಥದ್ದೇ ಸಮುದಾಯದ ಸುಮಾರು 3000 ಜನರನ್ನು 1962ರ ಚೀನಾ ಯುದ್ಧದ ಸಮಯ ಹಿಡಿದು ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಹಾಕಿದ್ರು, ಅದ್ರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿದವ್ರು, ಕೆಲವ್ರು ವರ್ಷಗಟ್ಲೆ ಒಳಗಿದ್ರು. ಗೋಬಿ ಮಂಚೂರಿ ನಮ್ದೇ ಅಂತ ಚಪ್ಪರಿಸ್ಲಿಕ್ಕೆ ನಮಗೆ ಯಾವ ತೊಂದ್ರೆಯೂ ಇಲ್ಲ.

ನಮ್ಮ ಊರು ಏನೂ ಕಡಿಮೆ ಇಲ್ಲ ಅಂತಲೂ ಹೇಳ್ಬೇಕು. ಆ ಆಫ್ರಿಕಾ ಕಾರ್ಟೂನ್ ನೋಡುವಾಗ ನಂಗೆ ನೆನಪಾದದ್ದು ಕೊರಗ ವೇಷ, ಅಂದ್ರೆ ನಮ್ಮ ಕರಾವಳಿಯ ಕೊರಗ ಬುಡಕಟ್ಟಿನವ್ರನ್ನು ಅಣಕಿಸುವ ವೇಷ. ಅಷ್ಟಮಿ, ನವರಾತ್ರಿ ಅಂತ ಮೈಗೆ ಮಸಿ ಬಳ್ಕೊಂಡು ಹಾಳೆ ಟೊಪ್ಪಿ ಇಟ್ಟು ಹಲ್ಲು ಕಿರಿದು ಮನೆ ಮನೆಗೆ ಬರ್ತಿದ್ರು, ಜನ ನಕ್ಕು ದುಡ್ಡು ಕೊಡ್ತಿದ್ರು. ಅದೂ ಹಾಸ್ಯವೇ. ಆದ್ರೆ ಅದೇ ಊರಲ್ಲಿ ಕೊರಗರಿಗೆ ಕೂದಲು, ಉಗುರು ಹಾಕಿದ ಅನ್ನ ತಿನ್ನಿಸ್ತಿದ್ರು, ಕಂಬಳಕ್ಕೆ ಮೊದ್ಲು ಕೋಣದ ಹಾಗೆ ಓಡಿಸ್ತಿದ್ರು, ಅದನ್ನು ನಿಲ್ಲಿಸ್ಲಿಕ್ಕೆ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆಯೇ ಬರ್ಬೇಕಾಯ್ತು. ವೇಷ ಒಂದು ಕಡೆ, ಅಜಲು ಇನ್ನೊಂದು ಕಡೆ ಅಂತ ಬೇರೆ ಬೇರೆ ಇರ್ಲಿಲ್ಲ. ಕೊರಗನನ್ನು ನೋಡಿ ನಗ್ಬಹುದು ಅಂತ ಆದ ಮೇಲೆ ಉಳಿದದ್ದಕ್ಕೆಲ್ಲ ಯಾರ ಪರ್ಮಿಶನ್ನೂ ಬೇಕಾಗ್ಲಿಲ್ಲ.

ಅಮೆರಿಕದಲ್ಲಿ ಥಾಮಸ್ ಫೋರ್ಡ್ ಅಂತ ಒಬ್ರು ಸೈಕಾಲಜಿಯವ್ರು ಇಂಥ ಜೋಕುಗಳ ಮೇಲೆ ವರ್ಷಾನುಗಟ್ಲೆ ಕೆಲಸ ಮಾಡಿದ್ದಾರೆ. ಜೋಕ್ ಕೇಳಿದ ಕೂಡ್ಲೇ ಒಳ್ಳೆಯವ ಕೆಟ್ಟವ ಆಗುದಿಲ್ಲ, ಆದ್ರೆ ಒಳಗೆ ಮೊದ್ಲೇ ತಾತ್ಸಾರ ಇದ್ದವನಿಗೆ ಇಲ್ಲಿ ಇದೆಲ್ಲ ನಡೀತದೆ ಅಂತ ಧೈರ್ಯ ಬರ್ತದೆ ಅಂತ ಅವ್ರು ಹೇಳುದು. ನಂಗೆ ಅದಕ್ಕೆ ಸ್ಟಡಿ ಬೇಕಾಗ್ಲಿಲ್ಲ, ಪಕ್ಕದ ಟೇಬಲ್ ಸಾಕಾಯ್ತು. ಮೆನುವಿನಲ್ಲಿ ಪ್ರಿಂಟ್ ಆದದ್ದನ್ನು ಓದಿ ನಕ್ಕವ್ರು ಅರ್ಧ ಗಂಟೆ ಕಳೆಯುವಾಗ ಆ ಹುಡುಗನನ್ನೇ "ಏಯ್ ಮೋಮೋ, ಸಾಸ್ ತಾ" ಅಂತ ಕರೆದ್ರು. ಅದು ಕಾರ್ಡಲ್ಲಿ ಇರ್ಲಿಲ್ಲ, ಅವ್ರದ್ದೇ ಸ್ವಂತ.

ಇಷ್ಟುದ್ದ ಎಲ್ಲ ಓನರ್ ಹತ್ರ ಹೇಳ್ಲಿಲ್ಲ, ಹಿಂದೆ ಬಿಲ್ಲಿಗೆ ಕ್ಯೂ ಇತ್ತು. ಪಕ್ಕದ ಟೇಬಲ್ಲಿನವ್ರು ಕರೆದದ್ದನ್ನು ಮಾತ್ರ ಹೇಳಿದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಕಾರ್ಡ್ ಪ್ರಿಂಟ್ ಮಾಡಿಸ್ಲಿಕ್ಕೆ ತುಂಬ ಖರ್ಚಾಗಿದೆ ಸರ್, ಈ ಬಂಡಲ್ ಮುಗೀಲಿ ನೋಡುವ" ಅಂದ್ರು. ಸ್ಟಿಕ್ಕರ್ ತೆಗೀಲಿಕ್ಕೆ ಪ್ರಿಂಟ್ ಖರ್ಚಿಲ್ಲ ಅಲ್ವಾ ಅಂದೆ. ಹಾಂ ಅಂದ್ರು, ತೆಗೆದ್ರಾ ಗೊತ್ತಿಲ್ಲ.

ರುಚಿಗೆ ಐದರಲ್ಲಿ ನಾಲ್ಕೂವರೆ, ಕ್ಲೀನ್ ಉಂಟು, ಸರ್ವಿಸ್ ಫಾಸ್ಟ್. ಮೆನುವಿಗೆ ಸೊನ್ನೆ, ಒಟ್ಟು ಎರಡು ಸ್ಟಾರ್ ಕೊಟ್ಟಿದ್ದೇನೆ, ಕಾರ್ಡ್ ಬದಲಾದ್ರೆ ಬಂದು ಎಡಿಟ್ ಮಾಡ್ತೇನೆ. ಇಬ್ರಿಗೆ ಹೊಟ್ಟೆ ತುಂಬ್ಲಿಕ್ಕೆ ಆರ್ನೂರು ಸಾಕು. ಪಾರ್ಕಿಂಗ್ ಬೈಕಿಗೆ ಮಾತ್ರ, ಕಾರ್ ತಂದ್ರೆ ಮಂಡೆ ಬೆಚ್ಚ. ಹೋಗುದಾದ್ರೆ ಘೀ ರೋಸ್ಟ್ ಮೋಮೋ ಬಿಡ್ಬೇಡಿ, ನಂಬರ್ ಹದಿನಾಲ್ಕು ಅಂತ ಹೇಳಿದ್ರೆ ಆ ಹುಡುಗನಿಗೆ ಗೊತ್ತಾಗ್ತದೆ, ಟಿಪ್ಸ್ ಅವನ ಕೈಯಲ್ಲೇ ಕೊಡಿ, ಕೌಂಟರಿನ ಡಬ್ಬಕ್ಕೆ ಹಾಕಿದ್ದು ಯಾರಿಗೆ ಹೋಗ್ತದೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗ್ಲಿಲ್ಲ.