ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್: ಮೂರನ್ನೂ ಬಳಸಿ ನೋಡಿದೆ

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕಟಕಟ ಅನ್ನತೊಡಗಿದಾಗಲೇ ನನಗೆ ಬುದ್ಧಿ ಬಂದದ್ದು. ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ, ಇಟ್ಟುಕೊಳ್ಳುವ ಈ ಮೂರು ಸೇವೆಗಳನ್ನೂ ಕೆಲವು ತಿಂಗಳು ಒಟ್ಟಿಗೆ ಓಡಿಸಿದೆ.

ಉಚಿತ ಜಾಗದಲ್ಲಿ ಗೂಗಲ್ ಡ್ರೈವ್ ಮುಂದಿದೆ, 15 ಜಿಬಿ. ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ ಬರೀ 2. ಆದರೆ ಆ 15ರಲ್ಲಿ ಜಿಮೇಲ್‌ಗೂ ಫೋಟೋಸ್‌ಗೂ ಪಾಲಿದೆ. ನನ್ನ ಖಾತೆಯಲ್ಲಿ ಅವೆರಡೇ 11 ಜಿಬಿ ನುಂಗಿ ಕೂತಿದ್ದವು!

ದೊಡ್ಡ ಫೈಲಿನಲ್ಲಿ ಆಗಾಗ ಸಣ್ಣ ತಿದ್ದುಪಡಿ ಮಾಡುವವರಿಗೆ ಡ್ರಾಪ್‌ಬಾಕ್ಸ್ ಹಿತ. ಅದು ಫೈಲನ್ನು 4 ಎಂಬಿ ತುಂಡುಗಳಾಗಿ ನೋಡಿ, ಬದಲಾದ ತುಂಡನ್ನಷ್ಟೇ ಕಳಿಸುತ್ತದೆ. 600 ಎಂಬಿಯ ನನ್ನ ಡೇಟಾ ಫೈಲ್ ಮೊದಲ ಸಲ ಹತ್ತಲು ತುಂಬಾ ಹೊತ್ತು ಬೇಕಾಯಿತು. ಆಮೇಲಿನ ತಿದ್ದುಪಡಿಗಳು ಕ್ಷಣದಲ್ಲಿ ಹೋದವು.

ಹಂಚಿಕೊಳ್ಳಲು ಮಾತ್ರ ನನ್ನ ಓಟು ಡ್ರೈವ್‌ಗೆ. ಅಲ್ಲಿ ನಾನು ಹಂಚಿದ ನನ್ನ ಫೈಲುಗಳು ನನ್ನ ಜಾಗವನ್ನಷ್ಟೇ ತಿನ್ನುತ್ತವೆ. ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿದ ಫೋಲ್ಡರಿಗೆ ಸೇರಿಕೊಂಡವರ ಲೆಕ್ಕಕ್ಕೂ ಅದು ಸೇರುತ್ತದೆ. 2 ಜಿಬಿ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಸುಮ್ನೆ ಲಿಂಕ್ ಕಳಿಸಿದರೆ ಆ ತೊಂದರೆ ಇಲ್ಲ.

ಬ್ಯಾಕಪ್ ವಿಷಯಕ್ಕೆ ಬಂದರೆ ಮೂರರಲ್ಲೂ ಎಡವಿ ಬೀಳಬಹುದು. ನಾನು ಬಿದ್ದೆ. ಜಾಗ ಮಾಡೋಣ ಅಂತ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಅಳಿಸಿದೆ, ‘ಕ್ಲೌಡ್‌ನಲ್ಲಿ ಇದ್ದೇ ಇದೆ ಅಲ್ವಾ’ ಅನ್ನುವ ಧೈರ್ಯ. ಸಂಜೆ ಇನ್ನೊಂದು ಕಂಪ್ಯೂಟರ್ ತೆರೆದರೆ ಅಲ್ಲೂ ಇಲ್ಲ, ವೆಬ್‌ನಲ್ಲೂ ಇಲ್ಲ. ಸಿಂಕ್ ಅಂದರೆ ಎಲ್ಲ ಕಡೆ ಒಂದೇ ಥರ ಇಡುವುದು, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಪುಣ್ಯಕ್ಕೆ ಉಚಿತ ಖಾತೆಗಳಲ್ಲೂ ಅಳಿಸಿದ್ದು 30 ದಿನ ಸಿಗುತ್ತದೆ, ವಾಪಸ್ ಎತ್ತಿಕೊಂಡೆ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಒನ್‌ಡ್ರೈವ್‌ಗೆ ಬಿಟ್ಟಿದ್ದೇನೆ. ವಿಂಡೋಸ್‌ನಲ್ಲೇ ಇರುವುದರಿಂದ ರಗಳೆ ಕಡಿಮೆ. ಒಂದು ಗಮನವಿರಲಿ: ಫೈಲಿನ ಪಕ್ಕ ನೀಲಿ ಮೋಡದ ಗುರುತು ಕಂಡರೆ ಆ ಫೈಲು ಕ್ಲೌಡ್‌ನಲ್ಲಷ್ಟೇ ಇದೆ, ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಹಸಿರು ಟಿಕ್ ಇದ್ದರೆ ಮಾತ್ರ ಇದೆ. ಈಗ ನಾನು ವಾರಕ್ಕೊಮ್ಮೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತೇನೆ. ಫೈಲುಗಳೆಲ್ಲ ಕಂಪ್ಯೂಟರಿಗೆ ಇಳಿದು ಮೋಡಗಳೆಲ್ಲ ಟಿಕ್ ಆದ ಮೇಲೇ ಆ ಡಿಸ್ಕಿನ ಕೇಬಲ್ ಚುಚ್ಚುವುದು.